ನಮಗೆ ಬೀಳೋದೇ 265, ಅವರು ಮಾರೋದು 299: ಇದು ಹೆಂಗೆ ಗಿಟ್ತತಿ?

ಚೌಕಿಪೇಟೆ ಜವಳಿ

ಎಲ್ಲರಿಗೂ ನಮಸ್ಕಾರ. ನಮ್ದು ದಾವಣಗೆರೆ ಚೌಕಿಪೇಟೆಯಾಗೆ ಸಣ್ಣ ರೆಡಿಮೇಡ್ ಅಂಗಡಿ. ನಮ್ಮಪ್ಪಾರು ಹಾಕಿದ್ದು. ಹದಿನಾರು ವರ್ಷದಿಂದ ಗಲ್ಲಾ ಮೇಲೆ ನಾನು ಕುಂದ್ರತೀನಿ.

ಹೋದ ತಿಂಗಳು ನನ್ನ ಮಗಳು ಗೆಳತೇರ ಜೊತೆ ಹೋಗಿ, ಊರಿಗೆ ಹೊಸದಾಗಿ ಬಂದಿರೋ ದೊಡ್ಡ ಸರಣಿ ಮಳಿಗೆಯಿಂದ ಮೂರು ಟೀ ಶರ್ಟ್ ತಂದ್ಲು. ಒಂದಕ್ಕೆ 299, ಬಿಲ್ಲು 897. ಮಗಳು ಬೇರೆ ಕಡೆ ತಗೊಂಡ್ಲು ಅಂತ ನನಗೆ ಬೇಜಾರಿಲ್ಲ. ಆ ಬಟ್ಟೆ ಕೈಯಾಗೆ ಹಿಡಿದು ನೋಡಿದೆ. ಅಂಥದ್ದೇ ಮಾಲು ತಿರುಪುರದ ಏಜೆಂಟ್ ಕಡೆ ತರಿಸಿದ್ರೆ ಲಾರಿ ಬಾಡಿಗೆ ಸೇರಿ ನನಗೆ ಬೀಳೋದೇ 265. ಅದರ ಮೇಲೆ ಅಂಗಡಿ ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ. 360ಕ್ಕಿಂತ ಕೆಳಗೆ ಮಾರಿದ್ರೆ ಏನೂ ಉಳಿಯಲ್ಲ. ಅವರು ಏಳೆಂಟು ಸಾವಿರ ಚದರಡಿ ಹಿಡಿದು, ಎ.ಸಿ. ಹಾಕಿ, ಇಪ್ಪತ್ತು ಮಂದಿ ಇಟ್ಕೊಂಡು 299ಕ್ಕೆ ಹೆಂಗೆ ಕೊಡ್ತಾರೆ?

ಯಾರನ್ನೂ ಬೈಯಾಕೆ ಈ ಮಾತು ಎತ್ತಿಲ್ಲ. ಒಳಗಿನ ಲೆಕ್ಕ ಗೊತ್ತಿದ್ದೋರು ಬಿಡಿಸಿ ಹೇಳ್ರಿ. ದುಗ್ಗಮ್ಮನ ಜಾತ್ರೆ, ಯುಗಾದಿ, ಆಮೇಲೆ ಮದುವೆ ಸೀಜನ್ನು, ಇವಕ್ಕೆ ಎಷ್ಟು ಮಾಲು ತುಂಬಬೇಕು ಅನ್ನೋದು ಇದರ ಮೇಲೆ ನಿಂತೈತಿ.

ಲೆಕ್ಕದ ಪುಸ್ತಕ

ಸರ್, ನಾನು ಪಿ.ಜೆ. ಬಡಾವಣೆಯಲ್ಲಿ ಲೆಕ್ಕಪತ್ರ ನೋಡುವವನು. ನಿಮ್ಮಂಥ ಐದಾರು ಜವಳಿ ಅಂಗಡಿಗಳ ಪುಸ್ತಕ ನನ್ನ ಬಳಿ ಇವೆ. ಸಾರ್ವಜನಿಕವಾಗಿ ಲೆಕ್ಕ ಒಪ್ಪಿಸುವ ಒಂದು ಕಂಪನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜುಡಿಯೋ. ಅದು ಟಾಟಾದವರ ಟ್ರೆಂಟ್ ಕಂಪನಿಯ ಅಗ್ಗದ ಬಟ್ಟೆ ಅಂಗಡಿಗಳ ಸರಣಿ. ಟಾಟಾದವರು ಲಕ್ಮೆ ಸೌಂದರ್ಯ ಸಾಧನಗಳ ವ್ಯಾಪಾರ ಮಾರಿ, ಆ ಹಣದಲ್ಲಿ 1998ರಲ್ಲಿ ಬೆಂಗಳೂರಿನ ಲಿಟಲ್‌ವುಡ್ಸ್ ಅಂಗಡಿ ಕೊಂಡು ವೆಸ್ಟ್‌ಸೈಡ್ ಎಂಬ ಬಟ್ಟೆ ಮಳಿಗೆ ಶುರು ಮಾಡಿದರು. ಜುಡಿಯೋ ಪ್ರತ್ಯೇಕ ಅಂಗಡಿಯಾಗಿ ಬಂದದ್ದು 2016ರಲ್ಲಿ. 2023ರ ಮಾರ್ಚ್ ಕೊನೆಗೆ 352 ಅಂಗಡಿ ಇದ್ದವು, 2024ರಲ್ಲಿ 545, 2025ರಲ್ಲಿ 765. ಎರಡೇ ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಟ್ರೆಂಟ್ ಶೇರುಪೇಟೆಯ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ಕ್ಕೂ ಸೇರಿತು.

ಈಗ ನಿಮ್ಮ ಪ್ರಶ್ನೆ. ನೀವು ಒಂದು ಡಿಸೈನ್‌ನಲ್ಲಿ ಎಷ್ಟು ಪೀಸ್ ತರಿಸುತ್ತೀರಿ? 24? ಹೆಚ್ಚೆಂದರೆ 48? ಏಳುನೂರು ಅಂಗಡಿ ಇರುವವನು ಅಂಗಡಿಗೆ ನೂರು ಪೀಸ್ ಇಟ್ಟರೂ 70,000 ಪೀಸ್ ಆಯಿತು. ನೂಲಿನವನ ಹತ್ತಿರ, ಬಣ್ಣದವನ ಹತ್ತಿರ, ಹೊಲಿಗೆಯವನ ಹತ್ತಿರ ಅವನ ಮಾತು ನಡೆಯುತ್ತದೆ. ನಿಮ್ಮ 265ರಲ್ಲಿ ತಯಾರಕನ ಲಾಭ, ಬ್ರಾಂಡಿನವನ ಲಾಭ, ಸಗಟು ವ್ಯಾಪಾರಿಯ ಲಾಭ, ಏಜೆಂಟನ ಕಮಿಷನ್ ನಾಲ್ಕೂ ಕೂತಿವೆ. ಅವರದು ಸ್ವಂತ ಹೆಸರಿನ ಮಾಲು, ಆದ್ದರಿಂದ ನಡುವಿನ ಮೂರು ಕೈ ಇಲ್ಲ. ಟಿ.ವಿ.ಯಲ್ಲಿ ಜುಡಿಯೋ ಜಾಹೀರಾತು ನೋಡಿದ್ದೀರಾ? ಆನ್‌ಲೈನ್ ಮಾರಾಟವನ್ನೂ ಇಟ್ಟುಕೊಂಡಿಲ್ಲ, ಹಾಗಾಗಿ ಮನೆಗೆ ಕಳಿಸುವ, ವಾಪಸ್ ತರಿಸುವ ಖರ್ಚೂ ಇಲ್ಲ.

ಅವರ ಬಟ್ಟೆಗಳ ಬೆಲೆ 999 ದಾಟದಂತೆ ಇರುತ್ತದೆ. 2025ರ ಸೆಪ್ಟೆಂಬರ್ 22ರವರೆಗೆ 1000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿ.ಎಸ್.ಟಿ. 5%, ಅದರ ಮೇಲೆ 12% ಇತ್ತು. ಅಂದರೆ ಅಂಗಡಿಯ ಬಟ್ಟೆಯೆಲ್ಲ ಕೆಳಗಿನ ದರದಲ್ಲಿ ಕೂರುತ್ತಿತ್ತು. ಈಗ ಆ ಮಿತಿ 2500ಕ್ಕೆ ಏರಿದೆ, ಅದು ನಿಮಗೂ ಅನುಕೂಲ.

ಚೌಕಿಪೇಟೆ ಜವಳಿ

ಲೆಕ್ಕ ಅರ್ಥ ಆತು ಸರ್. ಆದ್ರೆ ಒಂದು ಮಾತು. ನಾನು 24 ತರಿಸಿದ್ರೂ ಅದರಾಗೆ ಒಂಬತ್ತು ಉಳಿದುಬಿಡ್ತಾವೆ. ಅಟ್ಟದ ಮೇಲೆ 2019ರ ಮಾಲು ಇನ್ನೂ ಐತಿ. 70,000 ತರಿಸಿದೋನಿಗೆ ಉಳಿಯಲ್ಲೇನು?

ನೂಲು ಮತ್ತು ನಾನು

ಅಣ್ಣ, ಈ ವ್ಯಾಪಾರದ ಪ್ರಾಣ ಇರೋದೇ ಅಲ್ಲಿ. ನಾನು ನಮ್ಮೂರಿನ ಬಿ.ಐ.ಇ.ಟಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಟೆಕ್ಸ್‌ಟೈಲ್ ಓದಿ ಈಗ ತಿರುಪುರದಲ್ಲಿ ಕೆಲಸ ಮಾಡ್ತಿದೀನಿ.

ಜಗತ್ತಿನಲ್ಲಿ ಈ ಪದ್ಧತಿಯನ್ನು ದೊಡ್ಡದು ಮಾಡಿದ್ದು ಜಾರಾ. ಸ್ಪೇನಿನ ಲಾ ಕೊರುನ್ಯಾ ಅನ್ನೋ ಬಂದರು ಊರಲ್ಲಿ 1975ರಲ್ಲಿ ಅಮಾನ್ಸಿಯೋ ಒರ್ಟೆಗಾ ತೆಗೆದ ಅಂಗಡಿ. ಅದಕ್ಕಿಂತ ಮುಂಚೆ ಬಹುತೇಕ ಕಂಪನಿಗಳು ಆರೆಂಟು ತಿಂಗಳ ಹಿಂದೆಯೇ ಬಟ್ಟೆ ತೀರ್ಮಾನಿಸಿ, ರಾಶಿ ಹೊಲಿಸಿ, ಮಾರಾಟ ಆಗದೆ ಉಳಿದದ್ದನ್ನು ಅರ್ಧ ಬೆಲೆಗೆ ತಳ್ಳುತ್ತಿದ್ದವು. ಜಾರಾ ಮೊದಲು ಸ್ವಲ್ಪ ಹೊಲಿಸುತ್ತದೆ. ಯಾವ ಅಂಗಡಿಯಲ್ಲಿ ಯಾವ ಬಣ್ಣ ಹೋಯ್ತು ಅಂತ ದಿನಾ ನೋಡುತ್ತದೆ. ಹೋದದ್ದನ್ನು ಎರಡು ಮೂರು ವಾರದಲ್ಲಿ ಮತ್ತೆ ತರುತ್ತದೆ, ಹೋಗದ್ದನ್ನು ನಿಲ್ಲಿಸುತ್ತದೆ. ಸ್ಪೇನ್, ಪೋರ್ಚುಗಲ್, ಮೊರಾಕೊ, ಹೀಗೆ ಹತ್ತಿರದಲ್ಲೇ ಹೊಲಿಸೋದರಿಂದ ವಾರಕ್ಕೆ ಎರಡು ಸಲ ಅಂಗಡಿಗೆ ಮಾಲು ಹೋಗುತ್ತದೆ.

ಚೀನಾದಲ್ಲಿ ಹುಟ್ಟಿದ ಶೀನ್ ಅನ್ನೋ ಆನ್‌ಲೈನ್ ಬಟ್ಟೆ ಕಂಪನಿ ಇದನ್ನೇ ಇನ್ನೂ ಬಿಗಿ ಮಾಡಿತು. ಒಂದು ಡಿಸೈನಿಗೆ ಮೊದಲ ಆರ್ಡರ್ ನೂರು ಇನ್ನೂರು ಪೀಸ್ ಮಾತ್ರ. ಮೊಬೈಲಿನಲ್ಲಿ ಜನ ಎಷ್ಟು ಸಲ ಒತ್ತಿದರು ಅಂತ ನೋಡಿ ಮುಂದಿನದು. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಆ ಆ್ಯಪ್ ನಿಷೇಧಿಸಿತ್ತು. 2025ರ ಫೆಬ್ರುವರಿಯಲ್ಲಿ ರಿಲಯನ್ಸ್ ಮೂಲಕ ಆ ಹೆಸರು ವಾಪಸ್ ಬಂತು.

ನಿಮ್ಮ ಒಂಬತ್ತು ಪೀಸ್ ಅಟ್ಟ ಸೇರುತ್ತವೆ, ಅವರ ಒಂಬತ್ತು ಪೀಸ್ ಬೇರೆ ಊರಿನ ಅಂಗಡಿ ಸೇರುತ್ತವೆ. ದಾವಣಗೆರೆಯಲ್ಲಿ ಹೋಗದ ಹಳದಿ ಹುಬ್ಬಳ್ಳಿಯಲ್ಲಿ ಹೋದೀತು.

ವಿದ್ಯಾನಗರ ಪಿ.ಜಿ.

ನಾನು ಜಗಳೂರು ತಾಲ್ಲೂಕಿನವಳು, ಇಲ್ಲಿ ಡಿಗ್ರಿ ಓದ್ತಿದೀನಿ. ನೀವೆಲ್ಲ ಬೆಲೆ ಬಗ್ಗೆ ಮಾತ್ರ ಮಾತಾಡ್ತಿದೀರ. ನಾನು ಬೆಲೆಗೋಸ್ಕರ ಮಾತ್ರ ಅಲ್ಲಿಗೆ ಹೋಗಲ್ಲ.

ಪಿ.ಯು.ಸಿ. ಮುಗಿಸಿದಾಗ ಅಮ್ಮನ ಜೊತೆ ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟ ತಕ್ಷಣ ಕೇಳಿದ್ದು, ಎಷ್ಟರೊಳಗೆ ಬೇಕು ಅಂತ. ಅಮ್ಮ ಐನೂರು ಅಂದ್ರು. ಮೇಲಿನ ಸಾಲಿನ ಒಂದು ಚೂಡಿದಾರ್ ತೋರಿಸಿ ಅಂದದ್ದಕ್ಕೆ, ಅದು ನಿಮಗೆ ಆಗಲ್ಲಮ್ಮ, ತಗೊಳ್ಳೋದಾದ್ರೆ ಬಿಚ್ತೀನಿ ಅಂದ್ರು. ಅಮ್ಮ ಕೈಯಲ್ಲಿ ಚೀಲ ಹಿಡ್ಕೊಂಡು ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಕ್ಕೊಂಡು ನೋಡೋಕೆ ಜಾಗ ಇರಲಿಲ್ಲ. ಸೈಜ್ ಕೇಳಿದ್ರೆ ಅಲ್ಲಿದ್ದ ಗಂಡಸು ನನ್ನನ್ನ ಮೇಲಿಂದ ಕೆಳಗೆ ನೋಡಿ, ನಿಮಗೆ ಡಬಲ್ ಎಕ್ಸ್‌ಎಲ್ ಅಂತ ಎಲ್ಲರೆದುರು ಹೇಳಿದ.

ಹೊಸ ಮಳಿಗೆಯಲ್ಲಿ ಯಾರೂ ಏನೂ ಕೇಳಲ್ಲ. ಐದು ಬಟ್ಟೆ ಒಳಗೆ ತಗೊಂಡು ಹೋಗಿ ಹಾಕ್ಕೊಂಡು, ಒಂದೂ ಬೇಡ ಅಂತ ಇಟ್ಟು ಬರಬಹುದು. ಬೆಲೆ ಚೀಟಿ ಮೇಲೆ ಇರುತ್ತೆ. ಜಗಳೂರಿನ ನನಗೂ, ಕಾರಲ್ಲಿ ಬಂದವರಿಗೂ ಒಂದೇ ಬೆಲೆ. ಹೋದ ವರ್ಷ ಅಮ್ಮನನ್ನೂ ಕರ್ಕೊಂಡು ಹೋದೆ. ಅವರು ಮೊದಲ ಸಲ ಕನ್ನಡಿ ಮುಂದೆ ಎರಡು ಕುರ್ತಾ ಹಾಕ್ಕೊಂಡು ನೋಡಿದ್ರು.

ಹರಿಹರದಿಂದ

ತಂಗಿ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆ ಹೆಣ್ಮಕ್ಕಳೂ ಇದನ್ನೇ ಅಂತಾರೆ.

ಚೌಕಿಪೇಟೆ ಜವಳಿ

ತಂಗೀ, ಇದನ್ನ ಓದಿ ಅರ್ಧ ತಾಸು ಸುಮ್ನೆ ಕುಂತಿದ್ದೆ. ಅದು ನಮ್ಮ ಅಂಗಡಿ ಅಲ್ಲ ಅಂತ ಗಟ್ಟಿಯಾಗಿ ಹೇಳಾಕೆ ನನಗೆ ಬಾಯಿ ಬರ್ತಾ ಇಲ್ಲ. ಎಷ್ಟರೊಳಗೆ ಬೇಕು ಅಂತ ನಾವೂ ಕೇಳ್ತೀವಿ. ಮಾಲು ಬಿಚ್ಚಿ ಹಾಸೋದು, ಮತ್ತೆ ಮಡಚಿಡೋದು ಕಷ್ಟ ಅಂತ ಕೇಳ್ತೀವಿ. ಕೇಳಿಸ್ಕೊಂಡೋರಿಗೆ ಹೆಂಗಿರ್ತತಿ ಅಂತ ಹದಿನಾರು ವರ್ಷದಾಗೆ ಒಂದು ಸಲನೂ ಯೋಚನೆ ಮಾಡಿರಲಿಲ್ಲ. ಅಮ್ಮಾರಿಗೆ ನನ್ನ ನಮಸ್ಕಾರ ಹೇಳಮ್ಮ.

ಮಿಲ್ ಚಾಳ

ನಾನು ಕಾಟನ್ ಮಿಲ್ಲಿನ ಕಾರ್ಮಿಕನ ಮಗ. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು ಅನ್ನೋದು ಈಗಿನ ಹುಡುಗರಿಗೆ ಪುಸ್ತಕದಾಗಿನ ಸಾಲು. ನಮಗೆ ಅದು ಸೈರನ್ನು. ಮೊದಲ ಪಾಳಿ ಸೈರನ್ ಕೂಗಿದ್ರೆ ಅವ್ವ ಒಲಿ ಹಚ್ಚತಿದ್ಲು. ದಾವಣಗೆರೆ ಕಾಟನ್ ಮಿಲ್, ಶಂಕರ್ ಮಿಲ್, ಆಂಜನೇಯ ಮಿಲ್, ತೋಳಹುಣಸೆ ಕಡೆ ಯಲ್ಲಮ್ಮ ಮಿಲ್. ಅಪ್ಪ ಮನಿಗೆ ಬಂದಾಗ ಹುಬ್ಬಿನ ಮೇಲೆ ಹತ್ತಿ ಕೂತಿರತಿತ್ತು. ಸಂಘ ಗಟ್ಟಿ ಇತ್ತು. ಕಾಮ್ರೇಡ್ ಪಂಪಾಪತಿಯವರನ್ನ ಈ ಊರು ವಿಧಾನಸಭೆಗೆ ಕಳಿಸಿದ್ದು ಮಿಲ್ಲಿನ ಜನರ ಬಲದಿಂದ.

ಆಮೇಲೆ ಒಂದೊಂದೇ ಮಿಲ್ಲು ಬಾಗಿಲು ಹಾಕಿದ್ವು. ಕೆಲವರು ಮಂಡಕ್ಕಿ ಭಟ್ಟಿಗೆ ಹೋದ್ರು, ಕೆಲವರು ಹಮಾಲಿಗೆ. ಸುತ್ತಿನ ಹಳ್ಳ್ಯಾಗೆ ವರಲಕ್ಷ್ಮಿ ತಳಿ ಹತ್ತಿ ಬೆಳೀತಿದ್ದ ಹೊಲದಾಗೆ ಈಗ ಮೆಕ್ಕೆಜೋಳ ಐತಿ. ಹತ್ತಿ ಬಿತ್ತೋದರಿಂದ ನೂಲು ತೆಗಿಯೋತನಕ ಎಲ್ಲಾ ಮಾಡ್ತಿದ್ದ ಊರು ಈಗ ಕೊಳ್ಳೋದಷ್ಟೇ ಮಾಡ್ತತಿ. ಅಂಗಡಿ ದೊಡ್ಡದೋ ಸಣ್ಣದೋ ಅನ್ನೋ ಜಗಳಕ್ಕಿಂತ ಇದು ನನ್ನ ಹೊಟ್ಟಿಗೆ ಹತ್ತಿದ ಬೆಂಕಿ. ಚೌಕಿಪೇಟೆ ತಮ್ಮಾ, ನಿಮ್ಮ ಅಂಗಡ್ಯಾಗಿನ ಮಾಲೂ ತಿರುಪುರದ್ದೇ, ಸೂರತ್ತಿನದೇ.

ದುರ್ಗದವನು

ಹಿರಿಯರೇ, ಗೌರವ ಇಟ್ಟುಕೊಂಡೇ ಒಂದು ಮಾತು. ನಾನು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರಿನವನು, ನಮ್ಮದು ಮಗ್ಗದ ಮನೆ. ಮಿಲ್ ಬಟ್ಟೆ ಬಂದಾಗ ಕೈಮಗ್ಗದ ನೂಲಿನ ಸೀರೆ, ಪಂಚೆ ನೇಯುತ್ತಿದ್ದ ಎಷ್ಟೋ ಮನೆಗಳು ಮಗ್ಗ ಬಿಚ್ಚಿಟ್ಟವು. ನಿಮ್ಮ ಸೈರನ್ ಕೂಗಿದ್ದು ಅವರ ಮೇಲೆಯೇ. ನಮ್ಮ ಕಡೆ ರೇಷ್ಮೆ ಉಳಿದುಕೊಂಡಿತು, ಯಾಕೆಂದರೆ ಆ ಸೆರಗು, ಅಂಚು ಯಂತ್ರಕ್ಕೆ ಸುಲಭಕ್ಕೆ ಬರಲಿಲ್ಲ. ಈಗ ಅದಕ್ಕೂ ಪವರ್‌ಲೂಮ್ ನಕಲು ಬಂದಿದೆ.

ಮಿಲ್ ಚಾಳ

ಒಪ್ಪಿದೆ ತಮ್ಮಾ. ಅಲ್ಲಗಳೆಯಾಕೆ ಬರಲ್ಲ.

ಪೀಣ್ಯದ ಬಸ್ಸು

ನಾನು ಹೊನ್ನಾಳಿ ಕಡೆಯೋಳು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಹೊಲಿಗೆ ಮಾಡಿ ವಾಪಸ್ ಊರಿಗೆ ಬಂದೀನಿ. ಮೇಲೆ ಸರ್ ಒಬ್ಬರು, ನಡುವಿನ ಕೈ ತೆಗೆದದ್ದಕ್ಕೆ ಬೆಲೆ ಇಳೀತು ಅಂದ್ರು. ಒಂದಿಷ್ಟು ನಿಜ. ಉಳಿದದ್ದು ಎಲ್ಲಿಂದ ಇಳೀತದೆ ಅಂತ ನಾನು ಹೇಳ್ತೀನಿ.

ಒಂದು ಲೈನಿನಲ್ಲಿ ಮೂವತ್ತು ನಲವತ್ತು ಮಷೀನ್. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ಯಾರೂ ಪೂರ್ತಿ ಅಂಗಿ ಹೊಲಿಯಲ್ಲ. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡ್ ಮೇಲೆ ಬರೀತಾರೆ. ಮೊದಲು ಒಂದು ಸ್ಟೈಲ್ ಎರಡು ತಿಂಗಳು ಓಡ್ತಿತ್ತು, ಕೈ ಕೂತ್ಕೊಳ್ತಿತ್ತು. ಆಮೇಲೆ ಹದಿನೈದು ದಿನಕ್ಕೊಂದು ಸ್ಟೈಲ್ ಬಂತು, ವಾರಕ್ಕೊಂದು ಬಂತು. ಹೊಸ ಸ್ಟೈಲಿಗೆ ಕೈ ಕೂರೋ ಮೊದಲೇ ಹಳೇ ಟಾರ್ಗೆಟ್ ಕೇಳ್ತಿದ್ರು. ನೀವು ಅಂಗಡಿಯಲ್ಲಿ ಪ್ರತಿ ವಾರ ಹೊಸಾ ಮಾಲು ಅಂತ ಖುಷಿ ಪಡ್ತೀರಲ್ಲ, ನಮ್ಮ ಲೈನಿನಲ್ಲಿ ಅದು ಬೈಗುಳ ಆಗಿ ಬರ್ತಿತ್ತು. ಬಾತ್‌ರೂಮಿಗೆ ಹೋದ್ರೆ ಟಾರ್ಗೆಟ್ ಹೋಗ್ತದೆ ಅಂತ ನೀರು ಕುಡಿಯೋದೇ ಕಮ್ಮಿ ಮಾಡಿದ್ವಿ.

2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡು ತೆಗೆಯೋಕೆ ಹೊಸ ನಿಯಮ ತಂದಾಗ ನಾವು ಸಾವಿರಾರು ಹೆಣ್ಮಕ್ಕಳು ರಸ್ತೆಗೆ ಬಂದ್ವಿ. ಯಾವ ಲೀಡರೂ ಕರೆದಿರಲಿಲ್ಲ. ಸರ್ಕಾರ ಆ ನಿಯಮ ಹಿಂದಕ್ಕೆ ತಗೊಂತು. ನನ್ನ ಬದುಕಿನಲ್ಲಿ ನನ್ನ ಮಾತು ನಡೆದ ದಿನ ಅದು. 2020ರಲ್ಲಿ ತುಟ್ಟಿಭತ್ಯೆ ಹೆಚ್ಚಳ ತಡೆದಾಗ ಯೂನಿಯನ್‌ನವರು ಹೈಕೋರ್ಟಿಗೆ ಹೋಗಬೇಕಾಯ್ತು.

ಬಾಂಗ್ಲಾದೇಶದ ರಾಣಾ ಪ್ಲಾಜಾ ಅನ್ನೋ ಗಾರ್ಮೆಂಟ್ಸ್ ಕಟ್ಟಡ ಕುಸಿದ ಸುದ್ದಿ ನೋಡಿದಾಗ ನಾನು ಲೈನಿನಲ್ಲೇ ಇದ್ದೆ. 2013ರ ಏಪ್ರಿಲ್ 24. 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದ್ರೂ ಒಳಗೆ ಕಳಿಸಿದ್ರು. ಆ ದಿನ ನಮ್ಮ ಲೈನಿನಲ್ಲಿ ಯಾರೂ ಊಟ ಮಾಡಲಿಲ್ಲ.

ಲೆಕ್ಕದ ಪುಸ್ತಕ

ಅಕ್ಕಾ, ನಿಮ್ಮ ಮಾತು ಸೇರಿಸದೆ ನನ್ನ ಲೆಕ್ಕ ಅರ್ಧವೇ ಆಗಿತ್ತು. ಶೀನ್‌ಗೆ ಹೊಲಿಯುವ ಗ್ವಾಂಗ್‌ಜೌನ ಕಾರ್ಖಾನೆಗಳಲ್ಲಿ ವಾರಕ್ಕೆ 75 ಗಂಟೆ ದುಡಿಸುತ್ತಿದ್ದುದನ್ನು ಪಬ್ಲಿಕ್ ಐ ಎಂಬ ಸ್ವಿಸ್ ಸಂಸ್ಥೆ 2021ರಲ್ಲಿ ಬಯಲಿಗೆ ತಂದಿತ್ತು. ಬೇಗ, ಅಗ್ಗ, ಹೊಸದು, ಈ ಮೂರನ್ನೂ ಒಟ್ಟಿಗೆ ಕೇಳಿದರೆ ಆ ಒತ್ತಡ ಕೊನೆಗೆ ಮಷೀನಿನ ಮುಂದೆ ಕೂತವರ ಮೇಲೆ ಬೀಳುತ್ತದೆ.

ನಿಂತೇ ಇರೋಳು

ನಾನು ದಾವಣಗೆರೆಯಲ್ಲೇ ಒಂದು ಸರಣಿ ಮಳಿಗೆಯಲ್ಲಿ ಕೆಲಸ ಮಾಡ್ತೀನಿ. ಯಾವುದು ಅಂತ ಹೇಳಲ್ಲ, ಕೆಲಸ ಬೇಕು ನನಗೆ.

ದಿನಕ್ಕೆ ಒಂಬತ್ತು ತಾಸು, ಅದರಲ್ಲಿ ಊಟದ ಹೊತ್ತು ಬಿಟ್ರೆ ಕೂರೋ ಹಾಗಿಲ್ಲ. ಗಿರಾಕಿ ಇಲ್ಲದಿದ್ರೂ ನಿಂತೇ ಇರಬೇಕು. ಭಾನುವಾರ ರಾತ್ರಿ ಟ್ರಯಲ್ ರೂಮ್ ಮುಂದೆ ಬಟ್ಟೆ ಗುಡ್ಡೆ ಬಿದ್ದಿರುತ್ತೆ. ಎಲ್ಲ ಮಡಚಿ, ಸೈಜ್ ನೋಡಿ ಜೋಡಿಸಿ ಮನೆಗೆ ಹೋಗೋ ಹೊತ್ತಿಗೆ ಕಾಲು ಊದಿರುತ್ತೆ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋಕೆ ಆಸನ ಕೊಡಬೇಕು ಅಂತ ಕಾನೂನು ಮಾಡಿದ್ರು. ಅದನ್ನ ಓದಿದ ದಿನ ನನಗೆ ಅಳು ಬಂದಿತ್ತು. ಕೂರೋದಕ್ಕೂ ಕಾನೂನು ಬೇಕಾಯ್ತಲ್ಲ ಅಂತ.

ಆದ್ರೆ ಇನ್ನೊಂದನ್ನೂ ಹೇಳಲೇಬೇಕು. ಇದಕ್ಕೆ ಮುಂಚೆ ನಾಲ್ಕು ವರ್ಷ ಪೇಟೆಯ ಸಣ್ಣ ಅಂಗಡಿಯಲ್ಲಿದ್ದೆ. ಅಲ್ಲಿ ಪಿ.ಎಫ್. ಇರಲಿಲ್ಲ, ಇ.ಎಸ್.ಐ. ಇರಲಿಲ್ಲ. ಸಂಬಳ ಒಂದು ತಿಂಗಳು ಐದನೇ ತಾರೀಖು, ಇನ್ನೊಂದು ತಿಂಗಳು ಹದಿನೆಂಟು. ಕೇಳಿದ್ರೆ ವ್ಯಾಪಾರ ಇಲ್ಲಮ್ಮ ಅಂತಿದ್ರು. ಇಲ್ಲಿ ತಾರೀಖು ತಪ್ಪಲ್ಲ. ಅಮ್ಮನ ಆಪರೇಷನ್ ಇ.ಎಸ್.ಐ.ನಲ್ಲಿ ಆಯ್ತು. ಸಣ್ಣ ಅಂಗಡಿ ಉಳೀಬೇಕು ಅನ್ನೋರು ಅಲ್ಲಿ ಕೆಲಸ ಮಾಡೋ ಹುಡುಗೀರನ್ನೂ ನೆನೆಸ್ಕೊಳ್ಳಿ.

ಹರಿಹರದಿಂದ

ಕ್ಯಾರಿ ಬ್ಯಾಗಿಗೆ ದುಡ್ಡು ತಗೊಳ್ಳೋದರ ಬಗ್ಗೆ ಯಾರಾದ್ರೂ ಹೇಳ್ರಿ. ಮೊನ್ನೆ ಒಂದು ಮಾಲ್‌ನಾಗೆ ಬಿಲ್ಲಿನ ಜೊತಿಗೇ ಸೇರಿಸಿದ್ರು, ಕೇಳಲೂ ಇಲ್ಲ.

ಲೆಕ್ಕದ ಪುಸ್ತಕ

2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಇದರ ಬಗ್ಗೆ ತೀರ್ಪು ಕೊಟ್ಟಿದೆ. ಬ್ಯಾಗಿಗೆ ಹಣ ಎಂದು ಮೊದಲೇ ತಿಳಿಸದೆ ಬಿಲ್ಲಿನ ಕೌಂಟರ್‌ನಲ್ಲಿ ವಸೂಲಿ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಇಟ್ಟುಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ನೂಲು ಮತ್ತು ನಾನು

ಚೌಕಿಪೇಟೆ ಅಣ್ಣ, ಮಗಳು ತಂದ ಟೀ ಶರ್ಟ್ ಇನ್ನೂ ಮನೆಯಲ್ಲಿದ್ರೆ ಒಂದು ಕೆಲಸ ಮಾಡಿ. ಮೂರು ಸಲ ಒಗೆದ ಮೇಲೆ ಎರಡೂ ಭುಜದ ಹೊಲಿಗೆ ಸೇರಿಸಿ ಹಿಡಿದು ನೇತುಬಿಡಿ. ಬದಿಯ ಹೊಲಿಗೆ ನೇರ ಕೆಳಗೆ ಇಳೀತಿದೆಯಾ, ಇಲ್ಲ ಹೊಟ್ಟೆ ಕಡೆಗೆ ತಿರುಗ್ತಿದೆಯಾ ನೋಡಿ. ತಿರುಗಿದ್ರೆ ಅದು ಅವಸರದ ಬಟ್ಟೆ. ನೂಲಿಗೆ ಹುರಿ ಕೊಟ್ಟಿರ್ತಾರಲ್ಲ, ಹೆಣೆದ ಮೇಲೆ ಆ ಹುರಿ ಬಿಚ್ಚಿಕೊಳ್ಳೋಕೆ ನೋಡುತ್ತೆ. ಬಟ್ಟೆಯನ್ನ ಸರಿಯಾಗಿ ಹದ ಮಾಡಿ, ಒಂದು ದಿನ ಹಾಸಿ ಬಿಟ್ಟು ಆಮೇಲೆ ಕತ್ತರಿಸಿದ್ರೆ ಬಹುಮಟ್ಟಿಗೆ ನಿಲ್ಲುತ್ತೆ. ಅವಸರದ ಆರ್ಡರ್‌ನಲ್ಲಿ ಆ ಒಂದು ದಿನವನ್ನೇ ಕಿತ್ಕೊಳ್ತಾರೆ. ಬಟ್ಟೆಯ ತೂಕದಲ್ಲೂ ಹಾಗೆಯೇ. ಚದರ ಮೀಟರಿಗೆ 180 ಗ್ರಾಂ ಇದ್ದದ್ದು 150 ಆದರೆ ಗಿರಾಕಿಗೆ ಮೊದಲ ದಿನ ಗೊತ್ತಾಗಲ್ಲ. ಬೆಳಕಿಗೆ ಹಿಡಿದು ನೋಡಿ, ಬೆರಳು ಎಷ್ಟು ಕಾಣುತ್ತೆ ಅಂತ.

ನೂಲು ಯಾವುದು ಅಂತ ತಿಳಿಯೋಕೆ ಒಳಗಿನ ಅಂಚಿನಿಂದ ಒಂದು ಎಳೆ ಕಿತ್ತು ಸುಡಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಸ್ಟರ್ ಆದ್ರೆ ಕರಗಿ ಗಟ್ಟಿ ಗುಂಡಾಗುತ್ತೆ. 2023ರಲ್ಲಿ ಜಗತ್ತು ತಯಾರಿಸಿದ ಒಟ್ಟು ನಾರಿನಲ್ಲಿ 57% ಪಾಲಿಸ್ಟರ್. ಅದು ಬರೋದು ಪೆಟ್ರೋಲಿಯಂನಿಂದ, ಹೊಲದಿಂದ ಅಲ್ಲ.

ದೊಡ್ಡವರ ಮಾಲೆಲ್ಲ ಕಳಪೆ ಅಂತ ನಾನು ಹೇಳಲ್ಲ. ಬಣ್ಣ ಬಿಡುತ್ತಾ, ಎಷ್ಟು ಕುಗ್ಗುತ್ತೆ ಅಂತ ದೊಡ್ಡ ಕಂಪನಿಗಳು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸ್ತವೆ. ಪೇಟೆಗೆ ಏಜೆಂಟ್ ಮೂಲಕ ಬರೋ ಹೆಸರಿಲ್ಲದ ಮಾಲಿಗೆ ಎಷ್ಟೋ ಸಲ ಯಾವ ಪರೀಕ್ಷೆಯೂ ಇರಲ್ಲ. ಆದ್ದರಿಂದ ನಿಮ್ಮ ಮಾಲಿಗೂ ಇದೇ ಪರೀಕ್ಷೆ ಮಾಡಿ ಅಣ್ಣ.

ಟೇಲರ್ ಮಗಳು

ನಮ್ಮಪ್ಪ ಕಾಳಿಕಾದೇವಿ ರಸ್ತೆ ಕಡೆ ಮೂವತ್ತು ವರ್ಷ ಹೊಲಿದರು. ಜೂನ್ ತಿಂಗಳಲ್ಲಿ ಶಾಲೆ ಯೂನಿಫಾರ್ಮ್ ಹೊಲಿಯೋಕೆ ರಾತ್ರಿ ಎರಡರವರೆಗೆ ಪೆಡಲ್ ಸದ್ದು ಕೇಳ್ತಾ ನಾವು ಮಲಗ್ತಿದ್ವಿ. ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಹೊಲೀತಿದ್ರು, ಮಗು ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಅಂತ. ಒಂದು ಚೆಡ್ಡಿ ಅಣ್ಣನಿಗೆ, ಆಮೇಲೆ ತಮ್ಮನಿಗೆ.

ಈಗ ಬರೋದೆಲ್ಲ ಆಲ್ಟರೇಶನ್. ರೆಡಿಮೇಡ್ ಪ್ಯಾಂಟಿನ ಉದ್ದ ಕಮ್ಮಿ ಮಾಡೋದು, ಸೊಂಟ ಹಿಡಿಯೋದು. ಸಡಿಲ ಮಾಡಿ ಅಂತ ಬಂದ್ರೆ ಅಪ್ಪ ಒಳಮಗ್ಗುಲು ತಿರುವಿ ತೋರಿಸ್ತಾರೆ. ಅಲ್ಲಿ ಓವರ್‌ಲಾಕ್ ಹೊಲಿಗೆ ಬಿಟ್ರೆ ಬಿಚ್ಚೋಕೆ ಬಟ್ಟೆಯೇ ಇರಲ್ಲ. 399ರ ಪ್ಯಾಂಟಿಗೆ 80 ರೂಪಾಯಿ ಕೊಡಿ ಅಂದ್ರೆ, ಅಷ್ಟಕ್ಕೆ ಇನ್ನೊಂದನ್ನೇ ತಗೋತೀನಿ ಬಿಡಿ ಅಂತ ಹೋಗ್ತಾರೆ. ಹರಿದದ್ದನ್ನ ಹೊಲಿಸೋದು ನಷ್ಟ ಅಂತ ಜನರ ತಲೆಯಲ್ಲಿ ಕೂತಿದ್ದು ಯಾವಾಗಿಂದ ಅಂತ ಅಪ್ಪ ಕೇಳ್ತಿರ್ತಾರೆ.

ಅಜ್ಜಿ ಕೌದಿ ಹೊಲೀತಿದ್ರು. ಹಳೇ ಹತ್ತಿ ಸೀರೆ, ಪಂಚೆ, ಅಂಗಿ ತುಂಡು ಎಲ್ಲ ಸೇರಿಸಿ. ಮೊನ್ನೆ ಮನೆಯಲ್ಲಿದ್ದ ಹಳೇ ಟೀ ಶರ್ಟ್, ಲೆಗ್ಗಿಂಗ್ಸ್ ಹಿಡ್ಕೊಂಡು ಅಮ್ಮ ಕೌದಿ ಹೊಲಿಯೋಕೆ ಕೂತರು. ಬಟ್ಟೆ ಎಳೆದ ಕಡೆ ಹಿಗ್ಗುತ್ತೆ, ಸೂಜಿ ದಾರ ನಿಲ್ಲಲ್ಲ, ಹೊದ್ರೆ ಬೆವರು. ಹಳೇ ಬಟ್ಟೆಗೆ ಪಾತ್ರೆ ಕೊಡೋ ಅಕ್ಕ ಬಂದಾಗ ಕೊಟ್ಟು ನೋಡಿದ್ವಿ. ಸೀರೆ ಇದ್ರೆ ಕೊಡ್ರಮ್ಮ, ಇವು ಬ್ಯಾಡ ಅಂದ್ರು.

ಮಿಲ್ ಚಾಳ

ಪಾತ್ರೆಯಾಕೆ ಬ್ಯಾಡ ಅಂದ ಬಟ್ಟಿ ಎಲ್ಲಿಗೆ ಹೋಗ್ತತಿ ಮತ್ತೆ?

ನೂಲು ಮತ್ತು ನಾನು

ಒಂದಿಷ್ಟು ಪಾಣಿಪತ್‌ಗೆ ಹೋಗುತ್ತೆ, ಅಲ್ಲಿ ಹಳೇ ಬಟ್ಟೆ ಹರಿದು ಮತ್ತೆ ನೂಲು ಮಾಡಿ ಕಂಬಳಿ ನೇಯ್ತಾರೆ. ಉಳಿದದ್ದು ಕಸದ ಗುಡ್ಡಕ್ಕೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಹೊರದೇಶಗಳಿಂದ ಬಂದ ಹಳೇ ಬಟ್ಟೆಯ ಗುಡ್ಡಗಳೇ ಬಿದ್ದಿವೆ. ಯುರೋಪಿನವರು 2024ರಲ್ಲಿ ಕಾನೂನು ಮಾಡಿ, ಮಾರಾಟವಾಗದ ಬಟ್ಟೆಯನ್ನ ದೊಡ್ಡ ಕಂಪನಿಗಳು ನಾಶ ಮಾಡೋ ಹಾಗಿಲ್ಲ ಅಂದ್ರು, 2026ರ ಜುಲೈನಿಂದ ಜಾರಿ.

ಚೌಕಿಪೇಟೆ ಜವಳಿ

ಮೂರು ದಿನದಿಂದ ಎಲ್ಲಾ ಓದ್ತಾ ಇದ್ದೀನಿ. ಭುಜದ ಹೊಲಿಗೆ ಸೇರಿಸಿ ಹಿಡಿದು ನೋಡಿದೆ. ಮಗಳ ಮೂರರಾಗೆ ಎರಡು ತಿರುಗಿದ್ವು. ನನ್ನ ಅಂಗಡಿ ಮಾಲು ಆರು ತೆಗೆದು ಒಗೆದು ನೋಡಿದೆ, ಅದರಾಗೆ ಮೂರು ತಿರುಗಿದ್ವು. 360 ತಗೊಂಡು ಅದೇ ತಿರುಗೋ ಬಟ್ಟೆ ಕೊಡ್ತಿದ್ದೆ ಅಂತ ಗೊತ್ತಾದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

299ರ ಟೀ ಶರ್ಟಿಗೆ ಎದುರು ನಿಲ್ಲೋದು ಬಿಟ್ಟೆ. 70,000 ಪೀಸ್ ಎದುರಿಗೆ ನನ್ನ 24 ಯಾವತ್ತೂ ನಿಲ್ಲಲ್ಲ. ನಾವು ಪೇಟೆಯ ಏಳು ಅಂಗಡಿಯೋರು ಮಾತಾಡಿ, ಶಾಲೆ ಯೂನಿಫಾರ್ಮ್ ಬಟ್ಟೆ, ಹತ್ತಿ ಕುರ್ತಾ, ಒಳಉಡುಪು ಒಟ್ಟಿಗೆ ಆರ್ಡರ್ ಕೊಡೋದು ಅಂತ ಮಾಡೀವಿ. ಲೆಕ್ಕದ ಪುಸ್ತಕ ಸರ್, ದುಡ್ಡು ಕೊಡೋದರ ಬಗ್ಗೆ ಒಂದು ಪ್ರಶ್ನೆ ಐತಿ. ಮೊದಲು ಇಚಲಕರಂಜಿ ಮಗ್ಗದೋರು 90 ದಿನ ಉದ್ರಿ ಕೊಡ್ತಿದ್ರು, ಈಗ 45 ಅಂತಾರೆ.

ಲೆಕ್ಕದ ಪುಸ್ತಕ

ಅದಕ್ಕೆ ಕಾರಣ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಸೇರಿಸಿದ ಎಚ್ ಉಪಖಂಡ. 2024-25ರ ತೆರಿಗೆ ನಿರ್ಧರಣಾ ವರ್ಷದಿಂದ ಜಾರಿಗೆ ಬಂತು. ನೋಂದಾಯಿತ ಅತಿಸಣ್ಣ, ಸಣ್ಣ ತಯಾರಕರಿಂದ ಕೊಂಡರೆ, ಬರಹದ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಆ ಖರ್ಚು ಹಣ ಕೊಟ್ಟ ವರ್ಷಕ್ಕೇ ಹೋಗುತ್ತದೆ, ಈ ವರ್ಷ ಅಷ್ಟು ಲಾಭ ಬಂತೆಂದು ತೆರಿಗೆ ಕಟ್ಟಬೇಕಾದೀತು. ಮಗ್ಗದವನಿಗೆ ಇದು ಒಳ್ಳೆಯ ಕಾನೂನು. ಆದರೆ ಮದುವೆ ಮುಗಿದ ಮೇಲೆ ದುಡ್ಡು ಕೊಡ್ತೀನಿ ಎನ್ನುವ ಗಿರಾಕಿಗೆ ಉದ್ರಿ ಬರೆಯುವ ನಿಮಗೆ ಎರಡೂ ಕಡೆಯಿಂದ ಹಿಡಿತ. ಉದ್ರಿ ಕೊಡದ ದೊಡ್ಡ ಮಳಿಗೆಗೆ ಗಿರಾಕಿ ಕಡೆಯ ಈ ತಾಪತ್ರಯ ಇಲ್ಲ. ಏಳು ಜನ ಬರಹದ ಕರಾರು ಮಾಡಿಕೊಂಡು, ಮಾಲನ್ನು ಎರಡು ಕಂತಿನಲ್ಲಿ ತರಿಸಿ. ಮೊದಲ ಕಂತು ಮಾರಿದ ಹಣದಲ್ಲಿ ಅದರ ಬಾಕಿ ತೀರುತ್ತದೆ.

ಚೌಕಿಪೇಟೆ ಜವಳಿ

ಹಂಗೇ ಮಾಡ್ತೀವಿ ಸರ್.

ಅಂಗಡ್ಯಾಗೆ ಹಿಂದಿನ ಕಪಾಟು ತೆಗೆಸಿ ಅಲ್ಲಿ ಟ್ರಯಲ್ ರೂಮ್ ಮಾಡಿಸ್ತಾ ಇದ್ದೀನಿ. ಒಳಗೆ ಚಿಲಕ, ಕುಂದ್ರಾಕೆ ಒಂದು ಸ್ಟೂಲು, ತಲೆಯಿಂದ ಪಾದದವರೆಗೆ ಕಾಣೋ ಕನ್ನಡಿ. ಬೆಲೆ ಎಲ್ಲಾದಕ್ಕೂ ಚೀಟಿ ಮೇಲೆ ಬರೆಸ್ತೀನಿ. ಎಷ್ಟರೊಳಗೆ ಬೇಕು ಅಂತ ಕೇಳಬ್ಯಾಡ್ರಿ ಅಂತ ಹುಡುಗರಿಗೆ ಹೇಳೀನಿ, ನಾನೂ ನಾಲಗಿ ಕಚ್ಚಿ ಹಿಡಕೊಂತಾ ಇದ್ದೀನಿ. ನಿಂತೇ ಇರೋಳು ತಂಗೀ, ಹುಡುಗರಿಗೆ ಎರಡು ಸ್ಟೂಲ್ ತಂದೆ. ಪಿ.ಎಫ್., ಇ.ಎಸ್.ಐ. ಬಗ್ಗೆ ಇನ್ನೂ ಲೆಕ್ಕ ಹಾಕ್ತಾ ಇದ್ದೀನಿ, ಮಾಡಿಬಿಟ್ಟೆ ಅಂತ ಸುಳ್ಳು ಹೇಳಲ್ಲ. ಸಂಬಳ ಮಾತ್ರ ಈ ತಿಂಗಳಿಂದ ಒಂದನೇ ತಾರೀಖು.

ಟೇಲರ್ ಮಗಳು ತಂಗೀ, ನಮ್ಮ ಅಂಗಡಿಯಾಗೆ ತಗೊಂಡ ಬಟ್ಟೆಗೆ ಸೈಜ್ ಸರಿ ಮಾಡೋದು ಬಟ್ಟೆ ಬೆಲೆಯಾಗೇ ಸೇರಿಸಬೇಕು ಅಂತ ಐತಿ. ಅಪ್ಪಾರು ದಿನಾ ಸಂಜೆ ಮೂರು ತಾಸು ಬಂದು ಕುಂದ್ರತಾರೇನು? ಪೀಸಿನ ಲೆಕ್ಕ ಬ್ಯಾಡ, ತಿಂಗಳ ಲೆಕ್ಕ ಮಾತಾಡೋಣ.

ವಿದ್ಯಾನಗರ ಪಿ.ಜಿ.

ಅಣ್ಣಾ, ಕನ್ನಡಿ ಹಾಕಿಸಿದ ಮೇಲೆ ಇಲ್ಲಿ ಒಂದು ಮಾತು ಬರೀರಿ. ಅಮ್ಮ ಜಾತ್ರೆಗೆ ಬರ್ತಾರೆ. ಕುರ್ತಾಗೆ ಜೇಬು ಇರೋದು ತರಿಸಿ, ಎಲ್ಲೂ ಸಿಗಲ್ಲ.

ಟೇಲರ್ ಮಗಳು

ಅಪ್ಪನಿಗೆ ಓದಿ ಹೇಳಿದೆ. ಮೊದಲು ಏನೂ ಮಾತಾಡಲಿಲ್ಲ. ಆಮೇಲೆ, ಮಷೀನ್ ಎಲ್ಲಿ ಇಡ್ತಾರೆ ಕೇಳು, ಬೆಳಕು ಎಡಗಡೆಯಿಂದ ಬೀಳಬೇಕು ಅಂದ್ರು.

ಚೌಕಿಪೇಟೆ ಜವಳಿ

ಬಾಗಿಲ ಪಕ್ಕ, ಕಿಟಕಿ ಎಡಕ್ಕೇ ಬರ್ತತಿ. ನಾಳೆ ಸಂಜೆ ಬಂದು ಜಾಗ ನೋಡಾಕೆ ಹೇಳಮ್ಮ.